ಅಪ್ಪನ 98ರ ಜಿಪ್ಸಿ ಕಿಂಗ್ ಮಾರ್ಬೇಕು, ಇಂಜಿನ್ ಬಿಚ್ಚಿ ಕಟ್ಸಿರೋದು ಹೇಳಿದ್ರೆ ರೇಟ್ ಇಳಿಸ್ತಾರಲ್ಲ, ಏನ್ ಮಾಡ್ಲಿ?

ಜಯನಗರದವಳು:
ಎಲ್ರಿಗೂ ನಮಸ್ಕಾರ. ನಮ್ಮಪ್ಪಂದು 1998ರ ಮಾರುತಿ ಜಿಪ್ಸಿ ಕಿಂಗ್ ಜೀಪ್ ಇದೆ, ಕಾರ್ಬುರೇಟರ್ ಮಾಡೆಲ್, 1298 ಸಿಸಿ, ಸಾಫ್ಟ್ ಟಾಪ್, ಕೆಎ-05 ರಿಜಿಸ್ಟ್ರೇಷನ್, ಶೋರೂಮಿಂದ ತಂದಾಗ್ಲಿಂದ ಅಪ್ಪನೇ ಓನರ್. ಮಂಡಿ ಆಪರೇಷನ್ ಆದ್ಮೇಲೆ ಅವ್ರಿಗೆ ಕ್ಲಚ್ ತುಳಿಯೋಕಾಗ್ತಿಲ್ಲ, ನಂಗೆ ಆಫೀಸು ಮನೆ ಅಂತ ವಾರಕ್ಕೊಂದ್ಸಲ ಸ್ಟಾರ್ಟ್ ಮಾಡೋದೇ ಕಷ್ಟ, ಗಾಡಿ ಸುಮ್ನೆ ಬಿಸಿಲು ಮಳೇಲಿ ರೋಡಲ್ಲಿ ನಿಂತಿರೋದು ನೋಡಕ್ಕಾಗಲ್ಲ, ಅದಕ್ಕೆ ಮಾರೋಣ ಅಂತ ಮನೇಲಿ ಎಲ್ರೂ ಒಪ್ಕೊಂಡ್ವಿ.

ಎರಡು ವರ್ಷದ ಹಿಂದೆ ಆಯಿಲ್ ಕುಡಿಯೋಕೆ ಶುರು ಮಾಡ್ತು, ನೀಲಿ ಹೊಗೆ ಬರ್ತಿತ್ತು, ಇಂಜಿನ್ ಪೂರ್ತಿ ಇಳ್ಸಿ ಕಟ್ಸಿದ್ವಿ. ರೀಬೋರ್ ಮಾಡಿ (ಸವೆದ ಸಿಲಿಂಡರ್ ಕೊರೆದು ಸ್ವಲ್ಪ ಅಗಲ ಮಾಡಿ) 0.50 ಎಂಎಂ ದೊಡ್ಡ ಪಿಸ್ಟನ್, ರಿಂಗ್ಸು, ಕ್ರಾಂಕ್ ಗ್ರೈಂಡ್ ಮಾಡ್ಸಿ ಬೇರಿಂಗ್, ಹೆಡ್ ಫೇಸಿಂಗ್, ವಾಲ್ವ್ ಗೈಡು, ಆಯಿಲ್ ಪಂಪು, ವಾಟರ್ ಪಂಪು, ಟೈಮಿಂಗ್ ಬೆಲ್ಟು, ಕ್ಲಚ್ ಸೆಟ್ಟು ಎಲ್ಲಾ ಹೊಸದು. ಲೇತ್ ಕೆಲಸ ಜೆಸಿ ರೋಡ್ ಹತ್ರ ಆಯ್ತು, ಅಪ್ಪ ದಿನಾ ಊಟದ ಡಬ್ಬಿ ಕಟ್ಕೊಂಡು ಹೋಗಿ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿರೋರು. ಒಟ್ಟು 1 ಲಕ್ಷ 12 ಸಾವಿರ ಆಯ್ತು, ಒಂದೊಂದು ಬಿಲ್ಲೂ ಇದೆ. ಅದಾದ್ಮೇಲೆ ಓಡಿರೋದು ಬರೀ 6,400 ಕಿಲೋಮೀಟರ್.

ಈಗ ಬರೋರೆಲ್ಲ ಮೊದಲು ಕೇಳೋದೇ "ಇಂಜಿನ್ ಓಪನ್ ಆಗಿದ್ಯಾ" ಅಂತ. ಹೌದು ಅಂದ ತಕ್ಷಣ ಮುಖ ಬದಲಾಗುತ್ತೆ. ಒಬ್ರು ಬ್ರೋಕರ್ ಬಾನೆಟ್ ಎತ್ತಿ ಒಂದು ನಿಮಿಷಾನೂ ನೋಡ್ಲಿಲ್ಲ, "ಬಿಚ್ಚಿರೋ ಇಂಜಿನ್ ಅಲ್ವಾ, ಎರಡೂವರೆ ಲಕ್ಷ ಕೊಡ್ತೀನಿ, ಈಗ್ಲೇ ಎತ್ಕೊಂಡು ಹೋಗ್ತೀನಿ" ಅಂದ್ರು. ಅಪ್ಪ ಏನೂ ಮಾತಾಡ್ಲಿಲ್ಲ, ಒಳಗೆ ಹೋಗಿ ಕೂತ್ರು, ಅವತ್ತು ಸರಿಯಾಗಿ ಊಟಾನೂ ಮಾಡ್ಲಿಲ್ಲ. ಇನ್ನೊಬ್ರು ಇದಕ್ಕೆ ಡೀಸೆಲ್ ಇಂಜಿನ್ ಕೂರಿಸ್ತೀನಿ ಅಂದ್ರು, ಅವ್ರಿಗೆ ಕೊಡಲ್ಲ ಅಂತ ನಾನೇ ಹೇಳಿ ಕಳ್ಸಿದೆ.

ಇಂಜಿನ್ ಕೆಲಸ ಆಗಿದೆ ಅಂತ ಹೇಳದೇ ಇದ್ದುಬಿಡ್ಲಾ? ಹೇಳೋದಾದ್ರೆ ಒಳ್ಳೇ ಕೆಲಸ ಆಗಿದೆ ಅಂತ ನಂಬ್ಸೋದು ಹೇಗೆ?

ಗ್ರೀಸ್ ಕೈ:
ಮೇಡಂ ಮುಚ್ಚಿಡ್ಬೇಡಿ. ತಿಳಿದೋನು ಹೆಡ್ ಬೋಲ್ಟು, ಗ್ಯಾಸ್ಕೆಟ್ ಅಂಚು ನೋಡಿದ ತಕ್ಷಣ ಗೊತ್ತಾಗೋಗುತ್ತೆ, ಆಮೇಲೆ ನೀವು ಹೇಳೋ ಒಂದು ಮಾತೂ ನಂಬಲ್ಲ. 27 ವರ್ಷದ ಗಾಡಿಗೆ ಇಂಜಿನ್ ಬಿಚ್ಚಿಲ್ಲ ಅಂದ್ರೇನೇ ನಾನು ಹೆದರ್ಕೋತೀನಿ. ಜನ ಹೆದರೋದು ಯಾಕೆ ಅಂದ್ರೆ ಮಾರೋಕೆ ಮುಂಚೆ ಬರೀ ರಿಂಗ್ ಹಾಕಿ ದಪ್ಪ ಆಯಿಲ್ ತುಂಬ್ಸಿ ಹೊಗೆ ನಿಲ್ಸಿ "ಫುಲ್ ಇಂಜಿನ್ ಕೆಲಸ" ಅನ್ನೋರು ಜಾಸ್ತಿ, ನಿಮ್ಮದು ಅದಲ್ಲ ಅಂತ ಕಣ್ಣಿಗೆ ಕಾಣೋ ಹಾಗೆ ತೋರಿಸ್ಬೇಕು ಅಷ್ಟೇ.

ಹಳೇ ಪಾರ್ಟ್ಸ್ ಇಟ್ಟಿದೀರಾ? ಹಳೇ ಪಿಸ್ಟನ್ನು ಬೇರಿಂಗು ಇದ್ರೆ ಬಿಲ್ ಜೊತೆ ಟೇಬಲ್ ಮೇಲೆ ಇಡಿ. ಆಮೇಲೆ ಕಂಪ್ರೆಷನ್ ಟೆಸ್ಟ್ ಮಾಡ್ಸಿ, ಅಂದ್ರೆ ಒಂದೊಂದು ಸಿಲಿಂಡರಲ್ಲೂ ಎಷ್ಟು ಒತ್ತಡ ಬರುತ್ತೆ ಅಂತ ಮೀಟರ್ ಇಟ್ಟು ನೋಡೋದು, ಇಂಜಿನ್ ಬಿಸಿ ಇರ್ಬೇಕು, ನಾಲ್ಕೂ ಪ್ಲಗ್ ತೆಗ್ದು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡ್ದು ಸೆಲ್ಫ್ ಹೊಡೀಬೇಕು, ನಾಲ್ಕೂ ಸಿಲಿಂಡರ್ ಮಧ್ಯೆ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಬರಬಾರದು. ಬೆಂಗಳೂರು 900 ಮೀಟರ್ ಎತ್ತರದಲ್ಲಿರೋದ್ರಿಂದ ರೀಡಿಂಗ್ ಪುಸ್ತಕದಲ್ಲಿರೋದಕ್ಕಿಂತ ಸ್ವಲ್ಪ ಕಮ್ಮೀನೇ ಬರುತ್ತೆ, ಅದಕ್ಕೆ ಗಾಬರಿ ಆಗ್ಬೇಡಿ, ನಾಲ್ಕೂ ಸಮ ಇದ್ರೆ ಸಾಕು. ಗಾಡಿ ನೋಡೋಕೆ ಬರೋ ದಿನ ಮಾತ್ರ ಮುಂಚೇನೇ ಸ್ಟಾರ್ಟ್ ಮಾಡಿ ಇಟ್ಕೋಬೇಡಿ, ಬಂದೋರು ಬಾನೆಟ್ ಮುಟ್ಟಿ ತಣ್ಣಗಿದೆ ಅಂತ ನೋಡ್ಲಿ, ಆಮೇಲೆ ಅವ್ರ ಕೈಯಲ್ಲೇ ಕೀ ತಿರುಗ್ಸಿ. ಆಯಿಲ್ ಕ್ಯಾಪ್ ಬಿಚ್ಚಿ ತೋರ್ಸಿ, ಅಲ್ಲಿಂದ ಹಬೆ ಥರ ಹೊಗೆ ನುಗ್ಗಿ ಬರ್ಲಿಲ್ಲ ಅಂದ್ರೆ ಅರ್ಧ ಮಾತು ಮುಗೀತು.

ಒಂದು ವಿಷ್ಯ ನೀವಾಗೇ ಹೇಳ್ಬಿಡಿ, ಈ ಇಂಜಿನ್‌ಗೆ ದೊಡ್ಡ ಪಿಸ್ಟನ್ ಅಂತ ಇರೋದು 0.25 ಆಮೇಲೆ 0.50, ಅಷ್ಟೇ ಸೈಜು. ಮುಂದಿನ ಸಲ ಸ್ಲೀವ್ (ಸಿಲಿಂಡರ್ ಒಳಗೆ ಕೂರಿಸೋ ಹೊಸ ಕೊಳವೆ) ಹಾಕ್ಸಬೇಕಾಗುತ್ತೆ. ಸರಿಯಾಗಿ ಓಡ್ಸಿದ್ರೆ ಅದಕ್ಕೆ ಇನ್ನೂ ಬಹಳ ವರ್ಷ ಇದೆ, ಆದ್ರೆ ತಗೊಳ್ಳೋರಿಗೆ ಗೊತ್ತಿರ್ಬೇಕು.

ಸಕಲೇಶಪುರ ತೋಟ:
ಅಕ್ಕ, ನಾನು ಬೋರ್ ಮಾಡ್ಸಿದ ಜಿಪ್ಸೀನೇ ತಗೊಂಡಿದ್ದು, ಬಿಸ್ಲೆ ಕಡೆ ಮಳೆಗಾಲದಲ್ಲಿ ತೋಟಕ್ಕೆ ಅದ್ರಲ್ಲೇ ಓಡಾಡೋದು, ಅದಕ್ಕೆ ತಗೊಳ್ಳೋರ ಕಡೆಯಿಂದ ಹೇಳ್ತೀನಿ. ಇಂಜಿನ್ ಯಾವಾಗ ಬೇಕಾದ್ರೂ ಕಟ್ಟಿಸ್ಕೋಬಹುದು, ಚಾಸಿಸ್ ತುಕ್ಕು ತಿಂದಿದ್ರೆ ಏನೂ ಮಾಡೋಕಾಗಲ್ಲ. ನಾನು ನೋಡೋಕೆ ಹೋದಾಗ ಬಾನೆಟ್ಟೇ ಎತ್ತಿರ್ಲಿಲ್ಲ, ಮೊದಲು ಟಾರ್ಚ್ ಹಿಡ್ಕೊಂಡು ಕೆಳಗೆ ನುಗ್ಗಿದ್ದು. ಪ್ಲೇಟ್ ಪಟ್ಟಾ (ಸಸ್ಪೆನ್ಷನ್ ಸ್ಪ್ರಿಂಗ್) ಕೂರೋ ಜಾಗ, ಮ್ಯಾಟ್ ಕೆಳಗೆ ಫ್ಲೋರು, ಮುಂದಿನ ವೀಲ್ ಹತ್ರ ಸ್ಟೀರಿಂಗ್ ನಕಲ್ (ಚಕ್ರ ತಿರುಗೋ ಕೀಲು) ಸೀಲಿಂದ ಗ್ರೀಸ್ ಸೋರ್ತಿದ್ಯಾ ಅಂತ. ಇದ್ರ ಫೋಟೋ ಹಾಕಿ, ಕೆಳಗಿಂದು, ತೊಳೀದೇ ಹಾಗೇ ತೆಗೆದಿದ್ದು. ಹೊಸ ಕಪ್ಪು ಪೇಂಟ್ ಹೊಡ್ಸಿ ಫೋಟೋ ಹಾಕಿದ್ರೆ ನಾನಂತೂ ಬರಲ್ಲ.

ಫೋರ್ ವೀಲ್ ಡ್ರೈವ್ ಗೇರು, 4H 4L ಹಾಕಿ ತೋರ್ಸೋದಾದ್ರೆ ಮಣ್ಣಿನ ಮೈದಾನದಲ್ಲಿ ತೋರ್ಸಿ, ಒಣಗಿದ ಟಾರ್ ರೋಡಲ್ಲಿ ಬೇಡ. ಜಿಪ್ಸಿಲಿ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಸೆಂಟರ್ ಡಿಫರೆನ್ಷಿಯಲ್ ಇಲ್ಲ, ಟಾರ್ ಮೇಲೆ ತಿರುಗ್ಸಿದ್ರೆ ಬಿಗಿ ಹಿಡ್ಕೊಳುತ್ತೆ, ನೋಡೋರು ಏನೋ ತೊಂದ್ರೆ ಇದೆ ಅನ್ಕೋತಾರೆ.

ಇನ್ನೊಂದು, ಮಾರ್ಕೆಟ್ಟಲ್ಲಿ ಮಿಲಿಟರಿ ಹರಾಜಿಂದ ಬಂದಿರೋ ಜಿಪ್ಸಿಗಳು ಬೇಕಾದಷ್ಟಿವೆ, ಮೊದಲಿಂದ ಒಬ್ರೇ ಓನರ್ ಇರೋದು ಸಿಗೋದು ಕಮ್ಮಿ. 2019ರಲ್ಲಿ ಜನಕ್ಕೆ ಮಾರೋದು ನಿಲ್ಸಿದ್ಮೇಲೆ ಹುಡುಕ್ಕೊಂಡು ಬರೋರು ಇದಾರೆ. ಬ್ರೋಕರ್‌ನ ಬಿಡಿ, ಕೊಡಗು ಚಿಕ್ಕಮಗಳೂರು ಕಡೆ ತೋಟದೋರಿಗೆ ಸುದ್ದಿ ಮುಟ್ಟಿಸಿ. ಇಂಜಿನ್‌ಗೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬರಲ್ಲ ಅಕ್ಕ, ಆದ್ರೆ ಎರಡೂವರೆಗೆ ಮಾತ್ರ ಕೊಡ್ಬೇಡಿ.

ಆರ್‌ಸಿ ಫೈಲು:
ಪೇಪರ್ ಕಡೆ ನೋಡ್ಕೊಳಿ. ಬ್ಲಾಕ್ ಹಳೇದೇ ಇದ್ದು ಇಂಜಿನ್ ನಂಬರ್ ಆರ್‌ಸಿಗೆ ಹೊಂದಿದ್ರೆ ರೀಬೋರ್‌ಗೆ ಆರ್‌ಟಿಓಲಿ ಏನೂ ಬರೆಸ್ಬೇಕಿಲ್ಲ, ಬ್ಲಾಕೇ ಬದಲಾಗಿದ್ರೆ ಬರೆಸ್ಲೇಬೇಕು. ಆರ್‌ಸಿ 15 ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ರಿನ್ಯೂ ಆಗಿರುತ್ತೆ, ನಿಮ್ಮದು 2028ರ ತನಕ ಇರ್ಬೇಕು, ಅದನ್ನ ಜಾಹೀರಾತಲ್ಲೇ ಬರೀರಿ ಯಾಕಂದ್ರೆ 20 ವರ್ಷ ದಾಟಿದ ಕಾರು ಜೀಪಿಗೆ ರಿನ್ಯೂವಲ್ ಫೀಸ್ 2025ರ ಆಗಸ್ಟಲ್ಲಿ 10,000 ಮಾಡಿದಾರೆ.

ಬರೀ ಡೆಲಿವರಿ ನೋಟ್ (ಗಾಡಿ ಕೊಟ್ಟಿದೀನಿ ಅನ್ನೋ ಚೀಟಿ) ಬರ್ಕೊಂಡು ಗಾಡಿ ಕಳಿಸ್ಬೇಡಿ ದಯವಿಟ್ಟು. ಆರ್‌ಸಿಲಿ ಯಾರ ಹೆಸರಿದ್ಯೋ ಅವ್ರೇ ಓನರ್, ಗಾಡಿ ಕೈ ಬದಲಾಗಿದ್ರೂ ಆಕ್ಸಿಡೆಂಟ್ ಪರಿಹಾರ ಅವ್ರ ತಲೆಗೇ ಬರುತ್ತೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಓನರ್ ಹೆಸರು ಬದಲಾಯಿಸೋ ಫಾರಂ 29, 30 ಇಬ್ರೂ ಸೈನ್ ಮಾಡಿ, ಮಾರಿದ 14 ದಿನದೊಳಗೆ ನಿಮ್ಮ ಕಡೆಯಿಂದ ಆರ್‌ಟಿಓಗೆ ತಿಳಿಸ್ಬೇಕು. ಕೇರಳದೋರು ಬಂದ್ರೆ ಬೇರೆ ರಾಜ್ಯಕ್ಕೆ ಗಾಡಿ ಕೊಡೋಕೆ ಆರ್‌ಟಿಓಯಿಂದ ಫಾರಂ 28 ಎನ್‌ಓಸಿ ಬೇಕು.

ಜಯನಗರದವಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಹಳೇ ಪಾರ್ಟ್ಸ್ ಇದ್ಯಾ ಅಂತ ಅಪ್ಪನ್ನ ಕೇಳಿದ್ರೆ ಏನೂ ಹೇಳ್ದೆ ಎದ್ದು ಹೋಗಿ ಅಟ್ಟದ ಮೇಲಿಂದ ಬಿಸ್ಕತ್ ಡಬ್ಬ ಇಳಿಸೋಕೆ ಹೇಳಿದ್ರು. ನಾಲ್ಕು ಪಿಸ್ಟನ್ನೂ ನ್ಯೂಸ್ ಪೇಪರಲ್ಲಿ ಸುತ್ತಿ, ಒಂದೊಂದರ ಮೇಲೂ 1, 2, 3, 4 ಅಂತ ಪೆನ್ನಲ್ಲಿ ಬರ್ದಿಟ್ಟಿದಾರೆ. ಮೂರನೇದ್ರ ಪಕ್ಕದಲ್ಲಿ ಉದ್ದಕ್ಕೆ ಗೀರು ಬಿದ್ದಿದೆ, ಉಗುರಲ್ಲಿ ಎಳೆದ್ರೆ ಸಿಗುತ್ತೆ. ಬ್ಲಾಕ್ ಹಳೇದೇ, ನಂಬರ್ ಹೊಂದುತ್ತೆ, ಆರ್‌ಸಿ 2028 ಜುಲೈ ತನಕ ಇದೆ. ಕಂಪ್ರೆಷನ್ ನಿನ್ನೆ ಮಾಡ್ಸಿದ್ವಿ, ನಾಲ್ಕೂ ಹೆಚ್ಚೂಕಮ್ಮಿ ಸಮ.

ಪಟ್ಟಾ ಹತ್ರ ಎಡಗಡೆ ಒಂದು ಕಡೆ ಸ್ವಲ್ಪ ತುಕ್ಕು ಇದೆ, ಅದ್ರ ಫೋಟೋನೂ ಹಾಕಿದೀನಿ. 4 ಲಕ್ಷ 25 ಸಾವಿರ ಅಂತ ಬರ್ದಿದೀನಿ. ಮೂಡಿಗೆರೆಯಿಂದ ಒಬ್ರು ಫೋನ್ ಮಾಡಿದ್ರು, ರೇಟ್ ಕೇಳೋಕೆ ಮುಂಚೆ ಪಿಸ್ಟನ್ ಬಗ್ಗೇನೇ ಹತ್ತು ನಿಮಿಷ ಅಪ್ಪನ ಹತ್ರ ಮಾತಾಡಿದ್ರು. ಭಾನುವಾರ ಬೆಳಿಗ್ಗೆ ಏಳಕ್ಕೆ ಬರ್ತಾರಂತೆ, ಶನಿವಾರ ಸಂಜೆಯಿಂದ ಯಾರೂ ಕೀ ಮುಟ್ಟಬಾರದು ಅಂತ ಅಪ್ಪ ಹೇಳಿದಾರೆ.