ಆಸ್ಪ್ಲೀನಿಯಮ್ ಸ್ಕೋಲೊಪೆಂಡ್ರಿಯಮ್ ಎಂಬ ಜರೀಗಿಡದ ಕುಲ ಯಾವುದು?

ಪ್ರಶ್ನೆ:
ಸೀಳಿಲ್ಲದ, ಉದ್ದ ಪಟ್ಟಿಯಂಥ ಎಲೆಯ ಈ ಜರೀಗಿಡವನ್ನು ಹಳೆಯ ಗ್ರಂಥಗಳು ಫಿಲ್ಲೈಟಿಸ್ ಕುಲದಲ್ಲಿಯೂ ಈಚಿನವು ಆಸ್ಪ್ಲೀನಿಯಮ್ ಕುಲದಲ್ಲಿಯೂ ಇಡುತ್ತವೆ. ಗರಿಯಂತೆ ಒಡೆದ ಎಲೆಗಳ ಪ್ರಭೇದಗಳು ತುಂಬಿರುವ ಕುಲಕ್ಕೆ ಇದನ್ನು ಸೇರಿಸಲು ಆಧಾರವೇನು?

ಉತ್ತರ 1:
ಇದು ಹೊಸ ಸೇರ್ಪಡೆಯಲ್ಲ, ಮರಳಿಕೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿಯೇ ಇದನ್ನು ಆಸ್ಪ್ಲೀನಿಯಮ್ ಎಂದು ಕರೆದಿದ್ದನು. ಫಿಲ್ಲೈಟಿಸ್‌ಗೆ ವರ್ಗಾಯಿಸಿದವನು 1844ರಲ್ಲಿ ಇಂಗ್ಲಿಷ್ ನಿಸರ್ಗವಿಜ್ಞಾನಿ ಎಡ್ವರ್ಡ್ ನ್ಯೂಮನ್. ಎಲೆಯ ಅಡಿಭಾಗವನ್ನು ಮಸೂರದಲ್ಲಿ ನೋಡಿದರೆ ಅವನ ಕಾರಣ ತಿಳಿಯುತ್ತದೆ: ನಡುನರದ ಎರಡೂ ಬದಿಗೆ ಓರೆಯಾಗಿ ಸಾಲುಗಟ್ಟಿದ ಕಂದು ಪಟ್ಟೆಗಳಲ್ಲಿ ಒಂದೊಂದೂ ವಾಸ್ತವವಾಗಿ ಅಕ್ಕಪಕ್ಕದ ನರಗಳ ಮೇಲಿನ ಎರಡು ಬೀಜಕಗುಚ್ಛಗಳ (ಸಂತಾನೋತ್ಪತ್ತಿಯ ಸೂಕ್ಷ್ಮ ಕಣಗಳಾದ ಬೀಜಕಗಳನ್ನು ಹೊತ್ತ ಗೊಂಚಲುಗಳ) ಜೋಡಿಯಾಗಿದ್ದು, ಅವುಗಳ ತೆಳು ಪೊರೆಗಳು ಜೋಡಿ ಕದಗಳಂತೆ ಎದುರುಬದುರಾಗಿ ತೆರೆದುಕೊಳ್ಳುತ್ತವೆ. ಆಸ್ಪ್ಲೀನಿಯಮ್‌ನಲ್ಲಿ ಇವು ಸಾಮಾನ್ಯವಾಗಿ ಒಂಟಿಯಾಗಿರುತ್ತವೆ.

ಉತ್ತರ 2:
ಆ ಜೋಡಣೆಯೊಂದನ್ನೇ ನೆಚ್ಚಿ ಕುಲವನ್ನು ಬೇರ್ಪಡಿಸುವುದು ನನಗೆ ಒಪ್ಪಿಗೆಯಿಲ್ಲ. ಜಾಲರಿಯಂಥ ಕೋಶಗಳ ಹುರುಪೆಗಳು, ಎಲೆತೊಟ್ಟಿನಲ್ಲಿ ಮೇಲೇರುತ್ತ ಒಂದಾಗಿ X ಆಕಾರ ತಾಳುವ ಎರಡು ನಾಳಕೂರ್ಚಗಳು (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟುಗಳು), ಇವೆಲ್ಲ ಆಸ್ಪ್ಲೀನಿಯಮ್‌ನ ಲಕ್ಷಣಗಳೇ. ಅದರ ಇತರ ಪ್ರಭೇದಗಳೊಡನೆ ಇದು ನಿಸರ್ಗದಲ್ಲಿ ಮಿಶ್ರತಳಿಗಳನ್ನೂ ಕೊಡುತ್ತದೆ. ಡಿಎನ್‌ಎ ವಿಶ್ಲೇಷಣೆಯಲ್ಲಿ ಇದು ಆ ಕುಲದ ಕವಲುಗಳ ನಡುವೆಯೇ ಬರುವುದರಿಂದ, ಇದನ್ನು ಹೊರಗಿಟ್ಟರೆ ಉಳಿದ ಆಸ್ಪ್ಲೀನಿಯಮ್ ಒಂದೇ ಪೂರ್ವಜನ ಸಂಪೂರ್ಣ ಸಂತತಿಯಾಗಿ ಉಳಿಯುವುದಿಲ್ಲ. ಎಲೆಯ ಆಕಾರವಂತೂ ವರ್ಗೀಕರಣದಲ್ಲಿ ಬಹಳ ದುರ್ಬಲ ಸಾಕ್ಷಿ. ಆಸ್ಪ್ಲೀನಿಯಮ್ ನೈಡಸ್‌ನ ಎಲೆಯೂ ಅಖಂಡವಾಗಿಯೇ ಇದೆ.

ಉತ್ತರ 3:
ಕುಲದ ಪ್ರಶ್ನೆಗಿಂತ ಪ್ರಭೇದದೊಳಗಿನ ವಿಭಾಗ ಹೆಚ್ಚು ಸ್ವಾರಸ್ಯಕರವಾಗಿದೆ. ಯುರೋಪಿನ ಸಸ್ಯಗಳಲ್ಲಿ 72 ವರ್ಣತಂತುಗಳಿದ್ದರೆ, ಉತ್ತರ ಅಮೆರಿಕದ ಅಪರೂಪದ ಸಸ್ಯಗಳಲ್ಲಿ 144 ಇವೆ. ಎರಡನೆಯದನ್ನು ಅಮೆರಿಕಾನಮ್ ಎಂಬ ವಿಧವಾಗಿ (ವೆರೈಟಿ) ಗುರುತಿಸುವುದು ರೂಢಿ.