12 ರಿಂಗ್ ಫ್ರೇಮಿನ ಮಿಲ್ಲಿಗೆ ಬಿಗ್ ಡೇಟಾ ಬೇಕಾ?

ಪ್ರಶ್ನೆ (ನೂಲು_ದಾವಣಗೆರೆ):
ದಾವಣಗೆರೆ ಹತ್ತಿರದ ಸ್ಪಿನ್ನಿಂಗ್ ಮಿಲ್. 12 ರಿಂಗ್ ಫ್ರೇಮ್ (ನೂಲು ತೆಗೆಯೋ ಮೆಷಿನ್), ಎರಡೂ ಬದಿ ಸೇರಿ ತಲಾ 1008 ಸ್ಪಿಂಡಲ್ (ತಿರುಗುತ್ತಾ ನೂಲು ಸುತ್ತೋ ಕಡ್ಡಿ), 40ರ ಕೌಂಟ್ (ನೂಲು ಎಷ್ಟು ಸಣ್ಣ ಅನ್ನೋ ನಂಬರ್) ಕಾಟನ್. ಸ್ಪಿಂಡಲ್‌ಗೊಂದು ಸೆನ್ಸರ್, ಫ್ರೇಮಿಗೊಂದು ಎನರ್ಜಿ ಮೀಟರ್ ಇದೆ. ಡೇಟಾ ಮಾತ್ರ ಸುಮ್ಮನೆ ಬಿದ್ದಿದೆ. ಬೇಸಿಗೆ ಮಧ್ಯಾಹ್ನ ಎಳೆ ತುಂಡಾಗೋದು ಜಾಸ್ತಿ. ಕ್ಲೌಡ್ ಪ್ಯಾಕೇಜ್ ತಗೋಬೇಕಾ, ಬೇರೆ ದಾರಿ ಇದೆಯಾ?

ಶಿಫ್ಟ್_ಲೆಕ್ಕ:
ಸದ್ಯಕ್ಕೆ ಬೇಡ. ನಿಮಿಷಕ್ಕೊಂದು ರೀಡಿಂಗ್ ಅಂದ್ರೂ 12 ಫ್ರೇಮಿಗೆ ದಿನಕ್ಕೆ 17,280 ಸಾಲು, ವರ್ಷಕ್ಕೆ 63 ಲಕ್ಷ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಹಾಕಿದ ಮಾಮೂಲಿ ಪಿಸಿಗೆ ಇದೇನೂ ಭಾರ ಅಲ್ಲ. ಇಷ್ಟಕ್ಕೆ ಕ್ಲೌಡ್ ಅಂದ್ರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಮೊದಲು ಬರಬೇಕಾದ ನೂಲಿನ ತೂಕಕ್ಕೂ ಬಂದ ತೂಕಕ್ಕೂ ತಾಳೆ ನೋಡಿ. ಸ್ಪಿಂಡಲ್ ವೇಗ 17,000 ಆರ್‌ಪಿಎಂ, ಟ್ವಿಸ್ಟ್ ಮಲ್ಟಿಪ್ಲೈಯರ್ (ಕೌಂಟಿಗೆ ತಕ್ಕ ತಿರುವು ಲೆಕ್ಕ ಹಾಕೋ ಗುಣಕ) 4 ಇದ್ರೆ ಇಂಚಿಗೆ 25.3 ತಿರುವು, 8 ಗಂಟೆಗೆ ಸ್ಪಿಂಡಲ್‌ಗೆ 121 ಗ್ರಾಂ, ಫ್ರೇಮಿಗೆ 122 ಕೆಜಿ ಬರಬೇಕು. ತಕ್ಕಡಿ 108 ತೋರಿಸಿದ್ರೆ ಶಿಫ್ಟಿನಲ್ಲಿ ಸುಮಾರು 55 ನಿಮಿಷ ಕಳೆದುಹೋಗಿದೆ. ಡಾಫಿಂಗ್‌ಗೆ (ತುಂಬಿದ ನೂಲಿನ ಉರುಳೆ ತೆಗೆದು ಖಾಲಿ ಹಾಕೋದು) ಎಷ್ಟು, ತುಂಡಾದ ಎಳೆಗೆ ಎಷ್ಟು, ರೋವಿಂಗ್ (ಫ್ರೇಮಿಗೆ ಊಡೋ ದಪ್ಪ ಹತ್ತಿ ಎಳೆ) ಮುಗಿದಿದ್ದಕ್ಕೆ ಎಷ್ಟು ಅಂತ ಆ 55 ನಿಮಿಷಕ್ಕೂ ಲೆಕ್ಕ ಸಿಗಬೇಕು. ನಿಲುಗಡೆ ಕಾರಣಕ್ಕೆ ಐದಾರು ಬಟನ್ ಸಾಕು. ಇಪ್ಪತ್ತು ಕೊಟ್ರೆ ಎಲ್ರೂ 'ಇತರೆ' ಒತ್ತಿ ಮುಂದೆ ಹೋಗ್ತಾರೆ.

ಟ್ರಾವೆಲರ್_38:
ಬೇಸಿಗೆ ಅಂದ ಕೂಡಲೇ ತಪ್ಪು ತೇವಾಂಶದ ಮೇಲೆ ಹಾಕಬೇಡಿ. ಮಧ್ಯಾಹ್ನ ಹೆಚ್ಚಿದ ತುಂಡುಗಳು ಎಲ್ಲಾ ಸ್ಪಿಂಡಲ್‌ಗೂ ಹರಡಿದ್ರೆ ಗಾಳಿ ಒಣಗಿರಬಹುದು; ಆರ್‌ಹೆಚ್ (ಗಾಳಿಯ ಸಾಪೇಕ್ಷ ತೇವಾಂಶ) 55-60% ಇದೆಯಾ ನೋಡಿ, ಅಳತೆ ಗಾಳಿ ಬಿಡೋ ಡಕ್ಟ್ ಬಾಯಲ್ಲಲ್ಲ, ಫ್ರೇಮಿನ ನಡುವೆ. ಕೆಲವೇ ಸ್ಪಿಂಡಲ್ ಮೇಲೆ ಗುಡ್ಡೆ ಬಿದ್ದಿದ್ರೆ ಅದು ಮೆಷಿನ್ ರೋಗ.

ಉದಾಹರಣೆಗೆ ಸಾವಿರ ಸ್ಪಿಂಡಲ್-ಗಂಟೆಗೆ 25 ತುಂಡು ಅಂತಿಟ್ಟುಕೊಳ್ಳಿ. 24 ಗಂಟೆಯೂ ಓಡಿದ್ರೆ ಸ್ಪಿಂಡಲ್‌ಗೆ ವಾರಕ್ಕೆ ಸರಾಸರಿ 4.2. ಬರೀ ಆಕಸ್ಮಿಕ ಆದ್ರೆ 1008 ಸ್ಪಿಂಡಲ್‌ನಲ್ಲಿ ವಾರಕ್ಕೆ 12 ತುಂಡು ದಾಟೋದು ಒಂದು ಸಿಕ್ಕರೆ ಹೆಚ್ಚು. ಇಪ್ಪತ್ತು ಮೂವತ್ತು ಸಿಕ್ಕಿದ್ರೆ ಪಟ್ಟಿ ನೇರ ಫಿಟ್ಟರ್ ಕೈಗೆ ಕೊಡಿ: ಸವೆದ ರಿಂಗ್, ಸೆಂಟರ್ ತಪ್ಪಿದ ಸ್ಪಿಂಡಲ್ ಅಥವಾ ಲ್ಯಾಪೆಟ್ (ಸ್ಪಿಂಡಲ್ ಮೇಲೆ ಎಳೆಗೆ ದಾರಿ ತೋರಿಸೋ ಕೊಕ್ಕೆ), ಹರಿದ ಏಪ್ರನ್ (ಹತ್ತಿ ನಾರು ಹಿಡಿದು ಸಾಗಿಸೋ ಪಟ್ಟಿ), ಗೀರು ಬಿದ್ದ ಕಾಟ್ (ಮೇಲಿನ ರೋಲರ್‌ನ ರಬ್ಬರ್ ಹೊದಿಕೆ). ಟ್ರಾವೆಲರ್ (ರಿಂಗ್ ಮೇಲೆ ಓಡುತ್ತಾ ಎಳೆಗೆ ತಿರುವು ಕೊಡೋ ಪುಟ್ಟ ಕೊಕ್ಕೆ) ಬದಲಿಸಿದ ದಿನಾಂಕವೂ ಟೇಬಲ್ಲಿನಲ್ಲಿರಲಿ. 38 ಎಂಎಂ ರಿಂಗ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 34 ಮೀಟರ್ ಓಡುತ್ತೆ, ಸವೆಯದೇ ಇರುತ್ತಾ?

ವೈರಿಂಗ್_ಹರಿಹರ:
ಎಲ್ಲಾ ಸಾಧನಗಳ ಗಡಿಯಾರ ತಾಳೆ ಇರಬೇಕು, ಮರೀಬೇಡಿ. ಆರ್‌ಹೆಚ್ ಲಾಗರ್ 20 ನಿಮಿಷ ಹಿಂದಿದ್ರೆ ತುಂಡಿಗೂ ತೇವಾಂಶಕ್ಕೂ ತಾಳೆ ಹಾಕಿದ್ದೆಲ್ಲಾ ಸುಳ್ಳು. ಮೀಟರ್ ರೀಡಿಂಗ್ ಆಗಾಗ ತಪ್ಪಿಹೋಗ್ತಿದ್ರೆ ಮೀಟರ್‌ಗಳನ್ನು ಜೋಡಿಸೋ ಆರ್‌ಎಸ್-485 ಡೇಟಾ ಕೇಬಲ್ ನೋಡಿ: ಕವಲು ಇರಬಾರದು, 120 ಓಮ್ ರೆಸಿಸ್ಟರ್ ಎರಡು ತುದಿಗೆ ಮಾತ್ರ, ಶೀಲ್ಡ್ ಅರ್ಥಿಂಗ್ ಒಂದೇ ಕಡೆ, ವಿಎಫ್‌ಡಿ (ಮೋಟಾರ್ ವೇಗ ಬದಲಿಸೋ ಡ್ರೈವ್) ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಬೇಡ.

ನೂಲು_ದಾವಣಗೆರೆ:
ಪಟ್ಟಿ ತೆಗೆದೆ. ಬದಿಗೆ 504 ಸ್ಪಿಂಡಲ್; ನಂಬರ್ 505 ಬಲಬದಿಯ ಯಾವ ತುದಿ, ಗೇರ್ ಎಂಡಾ (ಗೇರ್ ಇರೋ ತುದಿ) ಆಫ್ ಎಂಡಾ (ಅದರ ಎದುರು ತುದಿ)?

ಟ್ರಾವೆಲರ್_38:
ಫ್ರೇಮಿಂದ ಫ್ರೇಮಿಗೆ ಬೇರೆ ಇರಬಹುದು. ಗೇರ್ ಎಂಡ್‌ನ ಮೊದಲ ಎಳೆ ಕೈಯಲ್ಲೇ ಕಿತ್ತು, ಸ್ಕ್ರೀನಲ್ಲಿ ಯಾವ ನಂಬರ್ ಕೆಂಪಾಗುತ್ತೆ ನೋಡಿ. 12 ಫ್ರೇಮಿನ ಎರಡೂ ಬದಿ ಹೀಗೇ ನೋಡಿ.