ಹತ್ತಿ ಬನಿಯನ್ ಮತ್ತು 28 ನಿಮಿಷ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು 'ಮಿಲ್ಲಿನಜ್ಜನ ಮನೆ'. ಅಜ್ಜ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಮೂವತ್ತು ವರ್ಷ ನೂಲು ತೆಗೆದವರು. ಅವರ ಹಿರಿಯ ಮಗ, ಅಂದರೆ ನಮ್ಮ ದೊಡ್ಡಪ್ಪ, ನಿವೃತ್ತ ಕನ್ನಡ ಮೇಷ್ಟ್ರು. ಗುಂಪಿನಲ್ಲಿ ಯಾರಾದರೂ ಕ್ರಿಯಾಪದವನ್ನು ಅರ್ಧಕ್ಕೆ ಕತ್ತರಿಸಿ ಬರೆದರೆ ತಿದ್ದಿ ವಾಪಸು ಕಳುಹಿಸುತ್ತಾರೆ. ಹೀಗಾಗಿ ನಮ್ಮಲ್ಲಿ ಜಗಳವೂ ವ್ಯಾಕರಣಶುದ್ಧವಾಗಿಯೇ ನಡೆಯುತ್ತದೆ.

ಕಳೆದ ಭಾನುವಾರದ ಜಗಳ ಬೆಳಿಗ್ಗೆ 6.40ಕ್ಕೆ ಶುರುವಾಯಿತು. ಹರಿಹರದ ಅತ್ತೆ ಒಂದು ಚಿತ್ರವನ್ನು ಫಾರ್ವರ್ಡ್ ಮಾಡಿದರು. ಹೊತ್ತಿ ಉರಿಯುತ್ತಿರುವ ರೇಸ್ ಕಾರು, ಜ್ವಾಲೆಯ ನಡುವಿನಿಂದ ಹೊರಗೆ ಬರುತ್ತಿರುವ ಚಾಲಕ, ಕೆಳಗೆ ಈ ಒಕ್ಕಣೆ:

'28 ನಿಮಿಷ ಬೆಂಕಿಯಲ್ಲಿದ್ದರೂ ಬದುಕಿ ಬಂದ! ಗುಟ್ಟು ಏನು? ಒಳಗೆ ತೊಟ್ಟಿದ್ದ ಶುದ್ಧ ಹತ್ತಿ ಬನಿಯನ್. ವಿದೇಶಿ ಸೂಟುಗಳೆಲ್ಲ ಪ್ಲಾಸ್ಟಿಕ್, ಕರಗಿ ಮೈಗೆ ಅಂಟುತ್ತವೆ. ನಮ್ಮ ಹಿರಿಯರಿಗೆ ಇದು ಮೊದಲೇ ತಿಳಿದಿತ್ತು. ಹನ್ನೊಂದು ಜನರಿಗೆ ಕಳುಹಿಸಿ.'

ಅದರ ಕೆಳಗೆ ಅತ್ತೆ ತಾವೇ ಬರೆದದ್ದು ಎರಡೇ ಪದ: 'ಪುಟ್ಟ, ಓದು.'

ಪುಟ್ಟ ಎಂದರೆ ನನ್ನ ತಮ್ಮ. ವಯಸ್ಸು ಇಪ್ಪತ್ತೊಂಬತ್ತು. ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ ಹವ್ಯಾಸಕ್ಕೆ ಕಾರು ಓಡಿಸುತ್ತಾನೆ. ಹಿಂದಿನ ವಾರ ಅವನೇ ಗುಂಪಿನಲ್ಲಿ ಬಾಯಿಬಿಟ್ಟಿದ್ದ. ಬೆಂಕಿ ತಡೆಯುವ ಸೂಟ್ ಕೊಳ್ಳಬೇಕು, ಆದರೆ ಏಪ್ರಿಲ್ ಬಿಸಿಲಿನಲ್ಲಿ ಒಳಗೇ ಬೆಂದುಹೋಗಬಾರದು, ಏನು ಮಾಡಲಿ ಎಂದು. 'ಬೆಂಕಿ' ಎಂಬ ಪದ ಕಂಡಾಗಿನಿಂದ ಅತ್ತೆಗೆ ನಿದ್ದೆ ಇಲ್ಲ. ಆ ಫಾರ್ವರ್ಡ್ ಅವರಿಗೆ ದೇವರೇ ಕಳುಹಿಸಿದ ಉತ್ತರವಾಗಿ ಕಂಡಿರಬೇಕು.

ಏಳು ಗಂಟೆಯೊಳಗೆ ಹದಿನಾಲ್ಕು ಜನ ಕೈಮುಗಿದರು. ಒಬ್ಬರೂ ಆ 28ರ ಮುಂದಿನ ಪದವನ್ನು ಓದಲಿಲ್ಲ.

ದೊಡ್ಡಪ್ಪ ಮಾತ್ರ ಉದ್ದಕ್ಕೆ ಬರೆದರು: 'ಹತ್ತಿಯ ಮಹಿಮೆಯನ್ನು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದದ್ದು ಪಾಲಿಯೆಸ್ಟರಿನಿಂದಲ್ಲ. ನಮ್ಮ ತಂದೆಯವರು ಜೀವನಪೂರ್ತಿ ಹತ್ತಿಯನ್ನೇ ಉಟ್ಟರು. ಅವರಿಗೆ ಒಂದು ದಿನವೂ ಸುಟ್ಟ ಗಾಯವಾಗಲಿಲ್ಲ.'

ಅಜ್ಜ ಕಾರನ್ನೂ ಓಡಿಸಲಿಲ್ಲ ಎಂದು ನನಗೆ ಹೇಳಬೇಕೆನಿಸಿತು. ಹೇಳಲಿಲ್ಲ. ದುರ್ಗದ ಭಾವ ಎದ್ದಿದ್ದರು.

ಭಾವ ದೊಡ್ಡಪ್ಪನ ಅಳಿಯ, ಚಿತ್ರದುರ್ಗದಲ್ಲಿ ಭೌತಶಾಸ್ತ್ರದ ಉಪನ್ಯಾಸಕರು. ಯಾವ ಫಾರ್ವರ್ಡ್ ಬಂದರೂ ಅವರ ಮೊದಲ ಮಾತು ಒಂದೇ: 'ಮೂಲ ಎಲ್ಲಿದೆ?' ಮಕ್ಕಳು ಅವರ ಬೆನ್ನ ಹಿಂದೆ 'ಮೂಲವ್ಯಾಧಿ ಭಾವ' ಎನ್ನುತ್ತಾರೆ. ಇದು ಅವರಿಗೂ ತಿಳಿದಿದೆ ಎಂಬುದು ನನ್ನ ಅನುಮಾನ.

'ಮಾವ, ಮೂಲ ಎಲ್ಲಿದೆ? ಇದು 2020ರ ನವೆಂಬರ್ 29ರಂದು ಬಹ್ರೇನಿನ ಫಾರ್ಮುಲಾ ಒನ್ ರೇಸಿನಲ್ಲಿ ನಡೆದದ್ದು. ಚಾಲಕ ರೋಮನ್ ಗ್ರೋಜಾನ್. ಬೆಂಕಿಯಲ್ಲಿದ್ದದ್ದು ಸುಮಾರು 28 ಸೆಕೆಂಡು, ನಿಮಿಷವಲ್ಲ. ಕೈಗಳು ಸುಟ್ಟವು. ಅವರು ಒಳಗೆ ತೊಟ್ಟಿದ್ದದ್ದು ಬೆಂಕಿ ತಡೆಯುವ ಒಳ ಉಡುಪು, ನಮ್ಮ ಅಂಗಡಿಯ ಬನಿಯನ್ ಅಲ್ಲ.'

ದೊಡ್ಡಪ್ಪ: 'ಅಳಿಯಂದಿರೇ, ಸೆಕೆಂಡೋ ನಿಮಿಷವೋ, ತತ್ವ ಮುಖ್ಯ. ಒನಕೆ ಓಬವ್ವ ಯಾವ ಸೂಟ್ ತೊಟ್ಟಿದ್ದಳು?'

ಭಾವ: 'ಓಬವ್ವ ನಮ್ಮ ಜಿಲ್ಲೆಯವಳು. ಅವಳನ್ನು ಇದಕ್ಕೆ ಎಳೆಯಬೇಡಿ.'

ಇಲ್ಲಿಗೆ ಸೂಟಿನ ಕಥೆ ಒಮ್ಮೆ ಸತ್ತಿತು. 1997ರಲ್ಲಿ ಚಿತ್ರದುರ್ಗವನ್ನು ಒಡೆದು ದಾವಣಗೆರೆ ಜಿಲ್ಲೆ ಮಾಡಿದ್ದು ನಮ್ಮ ಮನೆಯಲ್ಲಿ ಇನ್ನೂ ಆರದ ಗಾಯ. ಅದಕ್ಕೂ ಮೊದಲು ಓಬವ್ವ ಎಲ್ಲರವಳಾಗಿದ್ದಳು ಎಂದು ದೊಡ್ಡಪ್ಪ. ಕೋಟೆ ಇರುವುದು ಎಲ್ಲಿ ಎಂದು ಭಾವ. ಹೊಳಲ್ಕೆರೆಯ ಚಿಕ್ಕಪ್ಪ ನಾವು ಮಾತ್ರ ಹಳೆಯ ಜಿಲ್ಲೆಯಲ್ಲೇ ಉಳಿದುಬಿಟ್ಟೆವು ಎಂದು ಕಣ್ಣೀರಿನ ಚಿಹ್ನೆ ಹಾಕಿದರು. ಇಪ್ಪತ್ತೆರಡು ಸಂದೇಶಗಳು.

ನಡುವೆ ಪುಟ್ಟ ಪಾಪ ತನ್ನ ಪ್ರಶ್ನೆಯನ್ನು ಮತ್ತೆ ಕೇಳಿದ. ಒಂದೇ ಪದರದ ಸೂಟ್ ಹಗುರ, ಗಾಳಿಯಾಡುತ್ತದೆ, ಬೆಲೆಯೂ ಕಡಿಮೆ. ಆದರೆ ರೇಸ್ ಸಾಮಗ್ರಿಯ ಸುರಕ್ಷತೆಗೆ ಮಾನದಂಡ ಹಾಕುವ ಅಮೆರಿಕದ ಎಸ್‌ಎಫ್‌ಐ ಸಂಸ್ಥೆಯ ಗುರುತಿನಲ್ಲಿ ಅದು 3.2ಎ/1, ಅಂದರೆ ಎರಡನೇ ದರ್ಜೆಯ ಸುಟ್ಟ ಗಾಯವಾಗುವುದಕ್ಕೆ ಮೊದಲು ಸಿಗುವುದು ಸುಮಾರು 3 ಸೆಕೆಂಡು. 3.2ಎ/5 ಎಂಬ ಗುರುತಿದ್ದರೆ 10 ಸೆಕೆಂಡು. 'ಸೀಟ್ ಬೆಲ್ಟ್ ಬಿಚ್ಚಿ, ಬಾಗಿಲು ತೆಗೆದು ಹೊರಗೆ ಬರಲು ನನಗೆ ಎಂಟು ಸೆಕೆಂಡು ಬೇಕು. ಮೊಬೈಲಿನಲ್ಲಿ ಅಳೆದು ನೋಡಿದ್ದೇನೆ. ಹಾಗಾದರೆ ಮೂರು ಸೆಕೆಂಡಿನದ್ದನ್ನು ಕೊಂಡು ಏನು ಪ್ರಯೋಜನ? ಹತ್ತು ಸೆಕೆಂಡಿನದ್ದನ್ನು ತೊಟ್ಟರೆ ಸೆಖೆ ತಡೆಯಲು ಆಗುತ್ತದೆಯೇ?'

ಇಡೀ ದಿನದಲ್ಲಿ ಬಂದ ಏಕೈಕ ಬುದ್ಧಿವಂತ ಪ್ರಶ್ನೆ ಇದು. ಇದಕ್ಕೆ ಅತ್ತೆಯ ಉತ್ತರ: 'ಅಂಥ ಜಾಗಕ್ಕೆ ಹೋಗುವುದೇ ಬೇಡ.'

ಭಾವ ಒಂದು ಪಾಠ ಬರೆದರು. ಅದನ್ನು ನಾನು ಪೂರ್ತಿ ಓದಿದೆ, ಬಹುಶಃ ನಾನೊಬ್ಬಳೇ. ಬೆಂಕಿಯನ್ನು ತಡೆಯುವುದು ಬಟ್ಟೆಯಷ್ಟೇ ಅಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಎರಡು ಪದರ ಮೇಲು. ಆದ್ದರಿಂದ ಸೂಟ್ ಮೈಗೆ ಅಂಟಿಕೊಳ್ಳಬಾರದು, ಸ್ವಲ್ಪ ಸಡಿಲವಿರಬೇಕು. ನೋಮೆಕ್ಸ್ ಎಂಬ ನೂಲು ಡ್ಯೂಪಾಂಟ್ ಕಂಪನಿ 1960ರ ದಶಕದಲ್ಲಿ ತಂದದ್ದು. ಅದು ಕರಗುವುದಿಲ್ಲ, ಕರಕಲಾಗಿ ದಪ್ಪವಾಗುತ್ತದೆ, ಆ ಗುಣ ನೂಲಿನೊಳಗೇ ಇದೆ, ಒಗೆದರೆ ಹೋಗುವುದಿಲ್ಲ. ಬೆನ್ನಿಗೂ ಕಂಕುಳಿಗೂ ಹೆಣೆದ, ಹಿಗ್ಗುವ ಪಟ್ಟಿ ಇರುವ ಸೂಟನ್ನು ನೋಡು, ಸೆಖೆ ಹೊರಗೆ ಹೋಗುವುದು ಅಲ್ಲಿಂದ. ಬೆವರಿನಿಂದ ಒದ್ದೆಯಾದ ಬಟ್ಟೆ ಬೆಂಕಿಗೆ ಸಿಕ್ಕರೆ ಆ ನೀರೇ ಹಬೆಯಾಗಿ ಸುಡುತ್ತದೆ, ಆದ್ದರಿಂದ ಗಾಳಿಯಾಡುವುದು ಬರೀ ಸುಖದ ಮಾತಲ್ಲ. ಗೋ-ಕಾರ್ಟಿಂಗ್ ಸೂಟನ್ನು ಅಗ್ಗವೆಂದು ತರಬೇಡ, ಅದು ರಸ್ತೆಗೆ ಉಜ್ಜಿದರೆ ಚರ್ಮ ಕಾಯುತ್ತದೆ, ಬೆಂಕಿಗಲ್ಲ. ಕೊನೆಯ ಸಾಲು ಹೀಗಿತ್ತು: 'ಒಳಗೆ ಪಾಲಿಯೆಸ್ಟರ್ ಟೀ ಶರ್ಟ್ ಮಾತ್ರ ಬೇಡವೇ ಬೇಡ. 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ.'

ಅಷ್ಟು ಉದ್ದದ ಪಾಠದಲ್ಲಿ ಅತ್ತೆಗೆ ಕಂಡದ್ದು ಒಂದೇ ಪದ.

'ಪಾಲಿಯೆಸ್ಟರ್ ಅಪಾಯಕಾರಿ ಎಂದು ಈಗ ಎಲ್ಲರಿಗೂ ತಿಳಿಯಿತಲ್ಲ. ನನ್ನ ಮಗಳ ಮದುವೆಗೆ ದೊಡ್ಡಣ್ಣನ ಮನೆಯಿಂದ ಬಂದ ಸೀರೆ ಯಾವುದಾಗಿತ್ತು ಎಂದು ಯಾರಾದರೂ ಹೇಳುತ್ತೀರಾ?'

ಗುಂಪು ಹತ್ತು ನಿಮಿಷ ಮೌನ. ಆಮೇಲೆ ದೊಡ್ಡಮ್ಮ, ವರ್ಷಕ್ಕೊಮ್ಮೆ ಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರೆಯದ ದೊಡ್ಡಮ್ಮ, ಬರೆದರು: 'ಅದು ರೇಷ್ಮೆ.'

ಅತ್ತೆ: 'ಅಂಚು ರೇಷ್ಮೆ.'

ನಾನು ಫೋನನ್ನು ಮಗುಚಿಟ್ಟು ಒಗ್ಗರಣೆ ಹಾಕಲು ಹೋದೆ.

ಮರಳಿ ಬರುವಷ್ಟರಲ್ಲಿ ದುಬೈಯ ಅಣ್ಣ ಎದ್ದಿದ್ದ. ಅತ್ತೆಯ ಮಗ. ಜಗಳವಾದಾಗಲೆಲ್ಲ ಅವನಿಗೆ ಊರಿನ ನೆನಪಾಗುತ್ತದೆ. ಗಿರಣಿಯ ಸೈರನ್ ಕೂಗಿದರೆ ಅಜ್ಜಿ ಒಲೆಯ ಮೇಲೆ ಅನ್ನಕ್ಕಿಡುತ್ತಿದ್ದದ್ದು, ಅಜ್ಜನ ಕಿವಿಯ ಕೂದಲಿನಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿದ್ದದ್ದು, ಬೆಣ್ಣೆ ದೋಸೆಗೆ ಸಾಲಿನಲ್ಲಿ ನಿಂತದ್ದು. 'ಮಂಡಕ್ಕಿ ಭಟ್ಟಿಯ ಮುಂದೆ ಇಡೀ ದಿನ ನಿಲ್ಲುವವರು ಹತ್ತಿ ಬನಿಯನ್ನಿನಲ್ಲೇ ಇರುತ್ತಾರೆ. ಅವರಿಗೆ ಯಾವ ಸೂಟ್?' ಎಂದು ಕೇಳಿ, ಮಿರ್ಚಿ ಮಂಡಕ್ಕಿಯ ಚಿತ್ರ ಹಾಕಿದ. ಹದಿನೆಂಟು ಹೃದಯಗಳು ಬಂದವು.

ಭಾವ ಬಿಡಲಿಲ್ಲ. ಭಟ್ಟಿಯದ್ದು ಶಾಖ, ಪೆಟ್ರೋಲಿನದ್ದು ಜ್ವಾಲೆ, ಎರಡೂ ಒಂದೇ ಅಲ್ಲ, ಹತ್ತಿ ಕರಗುವುದಿಲ್ಲ ನಿಜ, ಆದರೆ ಹೊತ್ತಿಕೊಳ್ಳುತ್ತದೆ ಎಂದರು. ಮಿರ್ಚಿಯ ಕೆಳಗೆ ಅದನ್ನು ಓದುವವರು ಯಾರು?

ನ್ಯಾಯವಾಗಿ ಹೇಳಬೇಕೆಂದರೆ ದೊಡ್ಡಪ್ಪ ಪೂರ್ತಿ ತಪ್ಪಿರಲಿಲ್ಲ. ಅಗ್ಗದ ರೇಸ್ ಸೂಟುಗಳಲ್ಲಿ ಹಲವು ಹತ್ತಿಯವೇ, ಬೆಂಕಿ ಹಿಡಿಯದಂತೆ ರಾಸಾಯನಿಕ ಹಾಕಿದ ಹತ್ತಿ. ಬ್ಲೀಚ್ ಹಾಕಿ ಒಗೆದರೆ ಆ ಗುಣ ಕುಗ್ಗುತ್ತದೆ. ಪುಟ್ಟ ಇದನ್ನು ಮೆಲ್ಲಗೆ ತಿಳಿಸಿದ. ಅವನ ಮೊದಲರ್ಧವನ್ನು ಮಾತ್ರ ಎತ್ತಿಕೊಂಡ ದೊಡ್ಡಪ್ಪ, 'ರೇಸ್ ಸೂಟುಗಳೂ ಹತ್ತಿಯವೇ ಎಂದು ಸ್ವತಃ ಪುಟ್ಟನೇ ಒಪ್ಪಿದ್ದಾನೆ' ಎಂದು ಅದನ್ನು ಫಾರ್ವರ್ಡ್ ಮಾಡಿದರು. ಎಲ್ಲಿಗೆ ಎಂದರೆ ನಮ್ಮ ಗುಂಪಿಗೇ. ಭಾವ ಆ ಅರ್ಧ ಸತ್ಯವನ್ನು ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಪ್ಪಲಿಲ್ಲ. 'ಬನಿಯನ್ ಬೇರೆ, ಸೂಟ್ ಬೇರೆ' ಎಂದರು. 'ನೀವು ಮದುವೆಯ ಮಾತುಕತೆಯಲ್ಲೂ ಹೀಗೇ ಇದ್ದಿರಿ' ಎಂದರು ದೊಡ್ಡಪ್ಪ.

ಸಾಲದ್ದಕ್ಕೆ, ಪುಟ್ಟ ಹದಿನೇಳರಲ್ಲಿ ದೊಡ್ಡಪ್ಪನ ಮಾರುತಿಯನ್ನು ಕೇಳದೆ ಒಯ್ದು ಕುಂದವಾಡ ಕೆರೆಯ ಏರಿಯ ಹತ್ತಿರ ಗುಂಡಿಗೆ ಇಳಿಸಿದ್ದು ಹೊರಬಂದಿತು. ಬಂಪರಿನ ದುಡ್ಡನ್ನು ಅಪ್ಪ ಕೊಟ್ಟಿದ್ದರೇ ಇಲ್ಲವೇ ಎಂಬುದು ಮಧ್ಯಾಹ್ನದವರೆಗೆ ನಡೆಯಿತು.

ಪುಟ್ಟ ಮೂರು ದಿನ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಸ್ಪರ್ಧೆಯ ನಿಯಮ ಪುಸ್ತಕದಲ್ಲಿ ಯಾವ ಗುರುತು ಬೇಕೆಂದು ಬರೆದಿದೆ ಎಂದು ನೋಡಿಕೊಂಡು, ಎರಡು ಪದರದ, ಬೆನ್ನಿಗೆ ಹೆಣಿಗೆ ಪಟ್ಟಿಯಿರುವ, ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯ 8856-2018 ಎಂಬ ಬೆಂಕಿ ಸುರಕ್ಷತೆಯ ಗುರುತಿನ ಸೂಟನ್ನೂ ಅದರೊಳಗೆ ತೊಡುವ ತೆಳುವಾದ ಉದ್ದ ತೋಳಿನ ಒಳ ಉಡುಪನ್ನೂ ತರಿಸಿದ್ದನ್ನು ನನಗೊಬ್ಬಳಿಗೇ ತಿಳಿಸಿದ. ಕೈಗವಸು, ತಲೆಗವಸು, ಕಾಲುಚೀಲ ಬೇರೆ. ನಮ್ಮ ಮನೆಯ ತಾರಸಿಯಲ್ಲಿ, ಬುಧವಾರದ ಉರಿಬಿಸಿಲಿನಲ್ಲಿ, ಎಲ್ಲವನ್ನೂ ತೊಟ್ಟು ಇಪ್ಪತ್ತು ನಿಮಿಷ ಕುರ್ಚಿಯಲ್ಲಿ ಕುಳಿತ. ಬೆವರಿದ. ಆದರೆ ತಾಳಬಹುದು ಎಂದ. ಸಂಜೆ ಧೈರ್ಯ ಮಾಡಿ ಆ ಚಿತ್ರವನ್ನು ಗುಂಪಿಗೆ ಹಾಕಿದ.

ದೊಡ್ಡಪ್ಪ: 'ಚೆನ್ನಾಗಿದೆ. ಆದರೆ ಬಹಳ ಸಡಿಲವಾಗಿದೆ. ದರ್ಜಿಗೆ ಕೊಟ್ಟು ಮೈಗೆ ಸರಿಯಾಗಿ ಹಿಡಿಸಿಕೊಳ್ಳಬೇಕು.'

ಭಾವ ಏನನ್ನೋ ಬರೆಯುತ್ತಿರುವುದು ಕಾಣಿಸಿತು. ನಿಂತಿತು. ಮತ್ತೆ ಬರೆಯತೊಡಗಿದರು. ಸಾಧಾರಣ ದಾರದಲ್ಲಿ ಹೊಲಿದರೆ ಬೆಂಕಿಯಲ್ಲಿ ಮೊದಲು ಬಿಡುವುದು ಆ ಹೊಲಿಗೆಯೇ ಎಂದು ಅವರು ಮುಗಿಸುವುದಕ್ಕೆ ಮೊದಲೇ ಹರಿಹರದ ಅತ್ತೆ ಒಬ್ಬ ದರ್ಜಿಯ ನಂಬರ್ ಕಳುಹಿಸಿದ್ದರು. ಕೆಳಗೆ ಬರೆದಿದ್ದರು: 'ತುಂಬ ಒಳ್ಳೆಯವನು. ಆ ರೇಷ್ಮೆ ಸೀರೆಗೆ ಫಾಲ್ ಹೊಲಿದುಕೊಟ್ಟವನು ಇವನೇ. ಅದು ಯಾವ ಬಟ್ಟೆ ಎಂದು ಬೇಕಾದರೆ ಅವನನ್ನೇ ಕೇಳಿ.'